ರಕ್ತಕಣದಷ್ಟು ಪುಟ್ಟ ಗೂಳಿ!

ಈ ಗೂಳಿಗೆ ಕೊಂಬಿದೆ, ಬಾಲವಿದೆ, ನಾಲ್ಕು ಕಾಲುಗಳೂ ಇವೆ. ಆದರೆ ಬರಿಗಣ್ಣಿನಿಂದ ನೀವು ಅದನ್ನು ಕಾಣಲಾರಿರಿ. ಅದರ ಉದ್ದ ಮಿಲಿಮೀಟರಿನ ನೂರನೇ ಒಂದು ಭಾಗ ಮಾತ್ರ; ಹೆಚ್ಚುಕಡಿಮೆ ನಮ್ಮ ರಕ್ತದ ಒಂದು ಕೆಂಪು ಕಣದಷ್ಟು. ಜಪಾನಿನ ಒಸಾಕಾ ವಿಶ್ವವಿದ್ಯಾನಿಲಯದ ಸತೋಶಿ ಕವಾತಾ ಮತ್ತು ಸಂಗಡಿಗರು 2001ರಲ್ಲಿ ಇದನ್ನು ಲೇಸರ್ ಕಿರಣದಿಂದ ರೂಪಿಸಿದರು.

ಲೇಸರ್ ಎಂದರೆ ಸುಡುವ ಕಿರಣ, ಅದರಿಂದ ಇಷ್ಟು ನಾಜೂಕಿನ ಕೆಲಸ ಹೇಗೆ ಸಾಧ್ಯವೆಂದು ನೀವು ಕೇಳಬಹುದು. ಗುಟ್ಟಿರುವುದು ವೇಗದಲ್ಲಿ. ಈ ಲೇಸರ್ ಸತತವಾಗಿ ಉರಿಯುವುದಿಲ್ಲ, ಮಿಡಿಯುತ್ತದೆ. ಒಂದೊಂದು ಮಿಡಿತದ ಅವಧಿಯನ್ನು ಅಳೆಯುವುದು ಫೆಮ್ಟೋಸೆಕೆಂಡುಗಳಲ್ಲಿ. ಒಂದು ಸೆಕೆಂಡನ್ನು ಹತ್ತು ಕೋಟಿ ಕೋಟಿ ಪಾಲು ಮಾಡಿದರೆ ಅದರಲ್ಲೊಂದು ಪಾಲೇ ಫೆಮ್ಟೋಸೆಕೆಂಡು! ಆ ಕ್ಷಣದ ತೀವ್ರತೆ ಅಗಾಧ, ಒಟ್ಟು ಶಾಖ ಅಲ್ಪ.

ದ್ರವರೂಪದ ರಾಳದೊಳಗೆ ಈ ಕಿರಣವನ್ನು ಮಸೂರದಿಂದ ಒಂದು ಬಿಂದುವಿಗೆ ಕೇಂದ್ರೀಕರಿಸುತ್ತಾರೆ. ಅಲ್ಲಿ ಮಾತ್ರ ಅಣುಗಳು ಬೆಳಕಿನ ಎರಡು ಕಣಗಳನ್ನು ಒಮ್ಮೆಲೇ ಹೀರುತ್ತವೆ. ಅಲ್ಲಿ ಮಾತ್ರ ರಾಳ ಗಟ್ಟಿಯಾಗುತ್ತದೆ. ಹೀಗೆ ಬಿಂದು ಬಿಂದುವಾಗಿ ಆಕೃತಿ ಕಟ್ಟಿ, ಉಳಿದ ದ್ರವವನ್ನು ತೊಳೆದುಬಿಡುತ್ತಾರೆ. 120 ನ್ಯಾನೋಮೀಟರಿನಷ್ಟು ಸೂಕ್ಷ್ಮ ವಿವರಗಳೂ ಅವರ ಕೈಗೆ ಸಿಕ್ಕವು.

ಇದು ಬರೀ ಆಟಿಕೆಯಲ್ಲ. ಇಂಥ ಸೂಕ್ಷ್ಮ ಉಪಕರಣಗಳು ಒಂದು ದಿನ ರಕ್ತನಾಳದೊಳಗೆ ಔಷಧ ಸಾಗಿಸಬಹುದೆಂಬ ನಿರೀಕ್ಷೆಯಿದೆ. ಕನ್ನಡಕ ಬಿಡಿಸುವ ಲೇಸಿಕ್ ಚಿಕಿತ್ಸೆಯಲ್ಲಂತೂ ಇಂಥದೇ ಮಿಡಿತಗಳು ಈಗಾಗಲೇ ಕಣ್ಣಿನ ತೆಳುಪದರವನ್ನು ಬ್ಲೇಡಿಲ್ಲದೆ ಬಿಡಿಸುತ್ತಿವೆ.