ಟಿಕೆಟ್ ಯಾರಿಗೆ ಅಂತ ಮೊದಲೇ ಹೇಳಬಹುದೇ?

ಪ್ರಶ್ನೆ: ಅಮೆರಿಕದಲ್ಲಿ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ ಯಾರೆಂದು ತಿಂಗಳುಗಳ ಮೊದಲೇ ಲೆಕ್ಕ ಹಾಕುತ್ತಾರೆ. ನಮ್ಮಲ್ಲಿ ಟಿಕೆಟ್ ಯಾರಿಗೆಂದು ಹೇಳಲು ಏಕಾಗದು?
– ಓದುಗರೊಬ್ಬರು, ನಿರ್ಣಾ

ಉತ್ತರ: ಅಲ್ಲಿ ಎಣಿಸಲು ಮತಗಳಿವೆ. ಪಕ್ಷದ ಅಭ್ಯರ್ಥಿಯನ್ನು ಆರಿಸುವ ಮತದಾನವಾದ ಪ್ರೈಮರಿ ರಾಜ್ಯವಾರು ನಡೆದಂತೆ, ಆಕಾಂಕ್ಷಿಗಳ ಪರ ಪ್ರತಿನಿಧಿಗಳ ಸಂಖ್ಯೆ ಕೂಡುತ್ತಾ ಹೋಗುತ್ತದೆ. ಆದರೂ ಲೆಕ್ಕ ತಪ್ಪುವುದುಂಟು: 2020ರಲ್ಲಿ ಮೊದಲ ಸುತ್ತುಗಳಲ್ಲಿ ಸೋತ ಜೋ ಬೈಡನ್ ಕಥೆ ಮುಗಿಯಿತೆಂದವರೇ ಹೆಚ್ಚು. ಸೌತ್ ಕೆರೊಲಿನಾ ಗೆದ್ದದ್ದೇ ತಡ, ಗಾಳಿ ತಿರುಗಿತು.

ನಮ್ಮಲ್ಲಿ ತೀರ್ಮಾನ ಹೈಕಮಾಂಡಿನದು. ನಿಮ್ಮ ಪಕ್ಕದ ಬಸವಕಲ್ಯಾಣದ 2021ರ ಉಪಚುನಾವಣೆಯನ್ನೇ ನೋಡಿ. ಕಾಂಗ್ರೆಸ್ಸಿನದು ಊಹಿಸಬಹುದಾಗಿತ್ತು: ತೀರಿಕೊಂಡ ಶಾಸಕ ಬಿ. ನಾರಾಯಣರಾವ್ ಅವರ ಪತ್ನಿ ಮಾಲಾ. ಬಿಜೆಪಿಯಲ್ಲಿ ಮಾತ್ರ ಮಾಜಿ ಶಾಸಕ ಮಲ್ಲಿಕಾರ್ಜುನ ಖೂಬಾ ಅವರನ್ನು ಬಿಟ್ಟು ಶರಣು ಸಲಗರ ಅವರಿಗೆ ಟಿಕೆಟ್ ಸಿಕ್ಕಿತು. ಸ್ಥಳೀಯರಲ್ಲ ಎಂಬ ಆಕ್ಷೇಪ ಎದ್ದಿತು, ಖೂಬಾ ಪಕ್ಷೇತರರಾಗಿ ನಿಂತರು. ಮೇ 2ರ ಎಣಿಕೆಯಲ್ಲಿ ಗೆದ್ದವರು ಸಲಗರ.

ಹೆಸರು ಪ್ರಕಟವಾದರೂ ನಂಬಿ ಕೂರಬೇಡಿ. ನಾಮಪತ್ರದ ಕಡೆಯ ದಿನ ಮಧ್ಯಾಹ್ನ 3 ಗಂಟೆಯೊಳಗೆ, ಶಾಯಿಯಲ್ಲೇ ಸಹಿಯಾದ ಬಿ ಫಾರಂ, ಅಂದರೆ ಪಕ್ಷದ ಅಭ್ಯರ್ಥಿ ಇವರೇ ಎಂಬ ಪತ್ರ, ಚುನಾವಣಾಧಿಕಾರಿಯ ಕೈಸೇರಬೇಕು. ಅಲ್ಲಿಯವರೆಗೆ ಹೋಟೆಲ್ ಕಟ್ಟೆಯ ಪಂಡಿತರೂ ಟಿವಿಯ ಪಂಡಿತರೂ ಒಂದೇ.