ಓಡುವ ರೈಲುಗಳ ಕೆಳಗೆ ಎದ್ದ ನಿಲ್ದಾಣ

ಥೇಮ್ಸ್ ನದಿಯ ದಕ್ಷಿಣ ದಡದಲ್ಲಿರುವ ಲಂಡನ್ ಬ್ರಿಡ್ಜ್, ಆ ನಗರದ ಅತಿ ಹಳೆಯ ರೈಲು ನಿಲ್ದಾಣಗಳಲ್ಲೊಂದು. 1836ರ ಡಿಸೆಂಬರ್‌ನಲ್ಲಿ ಶುರುವಾದ ಈ ನಿಲ್ದಾಣವನ್ನು 2013ರಿಂದ 2018ರ ನಡುವೆ, ಸುಮಾರು 100 ಕೋಟಿ ಪೌಂಡ್ ಖರ್ಚಿನಲ್ಲಿ, ಬುಡದಿಂದಲೇ ಹೊಸದಾಗಿ ಕಟ್ಟಲಾಯಿತು. ವರ್ಷಕ್ಕೆ ಸುಮಾರು ಐದು ಕೋಟಿ ಪ್ರಯಾಣಿಕರು ಓಡಾಡುವ ಜಾಗ ಅದು. ಬಾಗಿಲು ಹಾಕಿ ಕೆಲಸ ಮಾಡುವ ಅವಕಾಶವೇ ಇರಲಿಲ್ಲ. ಹಾಗಾಗಿ ಹೊಸ ನಿಲ್ದಾಣ ಹೇಗಿರಬೇಕು ಎನ್ನುವುದಕ್ಕಿಂತ, ಯಾವುದನ್ನು ಮೊದಲು ಕೆಡವಿ ಯಾವುದನ್ನು ಆಮೇಲೆ ಕಟ್ಟಬೇಕು ಎನ್ನುವುದೇ ಈ ಯೋಜನೆಯ ಕಠಿಣ ಪ್ರಶ್ನೆಯಾಯಿತು.

ಆ ಕಷ್ಟದ ಬೇರು ಹತ್ತೊಂಬತ್ತನೇ ಶತಮಾನದಲ್ಲಿದೆ. ಲಂಡನ್ ಮತ್ತು ಗ್ರೀನಿಚ್ ನಡುವಿನ ಮೊದಲ ರೈಲುಮಾರ್ಗ ನೆಲದ ಮೇಲೆ ಬರಲಿಲ್ಲ. ಬೀದಿಗಳಿಗೆ ಅಡ್ಡವಾಗದಂತೆ 878 ಇಟ್ಟಿಗೆ ಕಮಾನುಗಳ ಮೇಲೆ ಬಂತು. ಸ್ವಲ್ಪ ಕಾಲದಲ್ಲೇ ಬೇರೆ ಬೇರೆ ಕಂಪನಿಗಳು ಅದೇ ಜಾಗಕ್ಕೆ ತಮ್ಮ ಹಳಿಗಳನ್ನು ತಂದವು. 1860ರ ದಶಕದಲ್ಲಿ ಸೌತ್ ಈಸ್ಟರ್ನ್ ಕಂಪನಿ ತನ್ನ ಮಾರ್ಗವನ್ನು ಮುಂದಕ್ಕೆ ಎಳೆದು, ನದಿ ದಾಟಿಸಿ, ಚೇರಿಂಗ್ ಕ್ರಾಸ್ ಮತ್ತು ಕ್ಯಾನನ್ ಸ್ಟ್ರೀಟ್‌ಗಳಿಗೆ ಮುಟ್ಟಿಸಿತು. ಪಕ್ಕದ ಬ್ರೈಟನ್ ಕಂಪನಿಯ ರೈಲುಗಳು ಮಾತ್ರ ಲಂಡನ್ ಬ್ರಿಡ್ಜ್‌ನಲ್ಲೇ ಕೊನೆಗೊಂಡವು. ಹೀಗೆ ಒಂದೇ ಹೆಸರಿನಡಿ ಎರಡು ನಿಲ್ದಾಣಗಳು ಬೆನ್ನಿಗೆ ಬೆನ್ನು ಹಚ್ಚಿ ನಿಂತವು. ಒಂದರಲ್ಲಿ ರೈಲುಗಳು ನಿಂತು ಮುಂದೆ ಸಾಗುತ್ತಿದ್ದವು, ಇನ್ನೊಂದರಲ್ಲಿ ಬಂದ ದಾರಿಯಲ್ಲೇ ಹಿಂದಿರುಗುತ್ತಿದ್ದವು. 1923ರಲ್ಲಿ ಕಂಪನಿಗಳು ಒಂದಾದವು. 1970ರ ದಶಕದಲ್ಲಿ ಸಿಗ್ನಲ್ ವ್ಯವಸ್ಥೆ ಬದಲಾಗಿ ಹೊಸ ಕಾನ್‌ಕೋರ್ಸ್, ಅಂದರೆ ಪ್ರಯಾಣಿಕರು ಓಡಾಡುವ ಹಜಾರ, ಬಂತು. ಆದರೂ ಒಡಕು ಮುಚ್ಚಲಿಲ್ಲ. ಒಂದು ಭಾಗದಿಂದ ಇನ್ನೊಂದಕ್ಕೆ ಹೋಗುವವರು ಕಿರಿದಾದ ಸೇತುವೆ, ಮೆಟ್ಟಿಲು, ಓಣಿಗಳಲ್ಲಿ ದಾರಿ ಹುಡುಕಬೇಕಿತ್ತು.

ಮರುನಿರ್ಮಾಣಕ್ಕೆ ನೇರ ಕಾರಣವಾದದ್ದು ಥೇಮ್ಸ್‌ಲಿಂಕ್. ಲಂಡನ್‌ನ ಉತ್ತರ ಮತ್ತು ದಕ್ಷಿಣದ ಊರುಗಳನ್ನು ನಗರದ ನಡುವಿನಿಂದಲೇ ಜೋಡಿಸುವ ಈ ಸೇವೆ 1988ರಲ್ಲಿ ಆರಂಭವಾಗಿತ್ತು. ಅದನ್ನು ವಿಸ್ತರಿಸುವ ಯೋಜನೆಗೆ ಥೇಮ್ಸ್‌ಲಿಂಕ್ 2000 ಎಂದು ಹೆಸರಿಟ್ಟರು. ಆ ಇಸವಿ ಬಂದು ಹೋಯಿತು, ಕೆಲಸಕ್ಕೆ ಅನುಮತಿಯೇ ಸಿಕ್ಕಿರಲಿಲ್ಲ. ಅನುಮತಿ ದೊರೆತದ್ದು 2006ರಲ್ಲಿ, ಹಣ ಮಂಜೂರಾದದ್ದು 2007ರಲ್ಲಿ. ನಗರದ ನಡುಭಾಗದಲ್ಲಿ ಗಂಟೆಗೆ ಒಂದೊಂದು ದಿಕ್ಕಿಗೆ 24 ರೈಲು ಓಡಿಸಬೇಕು ಎಂಬುದು ಗುರಿ. ಲಂಡನ್ ಬ್ರಿಡ್ಜ್ ಅದಕ್ಕೆ ದೊಡ್ಡ ತಡೆಯಾಗಿತ್ತು.

ತಡೆ ಇದ್ದದ್ದು ನಿಲ್ದಾಣದ ಒಳಗಷ್ಟೇ ಅಲ್ಲ, ಅದರ ಎರಡೂ ತುದಿಗಳಲ್ಲೂ. ಪಶ್ಚಿಮಕ್ಕೆ, ಹೆಸರಾಂತ ಬರೋ ಮಾರುಕಟ್ಟೆಯ ನೆತ್ತಿಯ ಮೇಲೆ, ಚೇರಿಂಗ್ ಕ್ರಾಸ್‌ನ ರೈಲುಗಳೂ ಥೇಮ್ಸ್‌ಲಿಂಕ್ ರೈಲುಗಳೂ ಎರಡೇ ಹಳಿಗಳನ್ನು ಹಂಚಿಕೊಳ್ಳುತ್ತಿದ್ದವು. ಹಳೆಯ ಮೇಲ್ಸೇತುವೆಯ ಪಕ್ಕದಲ್ಲಿ ಇನ್ನೊಂದನ್ನು ಕಟ್ಟದೆ ಬೇರೆ ದಾರಿ ಇರಲಿಲ್ಲ. ಆದರೆ ಕೆಳಗೆ ಮಾರುಕಟ್ಟೆ, ಸುತ್ತ ಸಂರಕ್ಷಿತ ಕಟ್ಟಡಗಳು. ಒಂದು ಹಳೆಯ ಪಬ್‌ನ ಮೇಲಂತಸ್ತನ್ನೇ ತೆಗೆದು ಸೇತುವೆಗೆ ಜಾಗ ಮಾಡಿಕೊಟ್ಟರು. ಬರೋ ಹೈ ಸ್ಟ್ರೀಟ್ ಮೇಲಿನ ಉಕ್ಕಿನ ಸೇತುವೆಯನ್ನು 2011ರಲ್ಲಿ ಸಾಲು ರಜೆ ನೋಡಿಕೊಂಡು, ರಸ್ತೆ ಬಂದ್ ಮಾಡಿ, ಜರುಗಿಸಿ ಕೂರಿಸಲಾಯಿತು. ಅದರ ಮೇಲೆ ರೈಲು ಓಡಲು ಮಾತ್ರ ಇನ್ನೂ ಹಲವು ವರ್ಷ ಬೇಕಾಯಿತು. ಯಾಕೆಂದರೆ ಆ ಹಳಿಗಳು ಬಂದು ಸೇರಬೇಕಾದ ಪ್ಲಾಟ್‌ಫಾರ್ಮ್‌ಗಳು ಆಗಿನ್ನೂ ಹುಟ್ಟಿರಲಿಲ್ಲ.

ಪೂರ್ವ ತುದಿಯ ತೊಡಕು ಬೇರೆ ಬಗೆಯದು. ಬ್ರೈಟನ್ ಕಡೆಯಿಂದ ಬರುವ ಥೇಮ್ಸ್‌ಲಿಂಕ್ ರೈಲುಗಳು ಕೆಂಟ್ ಪ್ರದೇಶದ ರೈಲುಗಳ ದಾರಿಗೆ ಅಡ್ಡ ಬರುತ್ತಿದ್ದವು; ಒಂದು ದಾಟುವವರೆಗೆ ಇನ್ನೊಂದು ಸಿಗ್ನಲ್ ಹತ್ತಿರ ಕಾಯಬೇಕಿತ್ತು. ಬರ್ಮಂಡ್ಸಿಯಲ್ಲಿ ಹಳೆಯ ಕಮಾನುಗಳನ್ನು ಕೆಡವಿ, ಚೇರಿಂಗ್ ಕ್ರಾಸ್‌ಗೆ ಹೋಗುವ ಹಳಿಗಳನ್ನು ಇಳಿಜಾರಿನಲ್ಲಿ ಕೆಳಗಿಳಿಸಿ, ಥೇಮ್ಸ್‌ಲಿಂಕ್ ಹಳಿಗಳ ಅಡಿಯಿಂದ ದಾಟಿಸಿ ಮತ್ತೆ ಮೇಲೆ ಹತ್ತಿಸಲಾಯಿತು. ಪ್ರಯಾಣಿಕರ ಕಣ್ಣಿಗೆ ಅಷ್ಟಾಗಿ ಬೀಳದ ಈ ಕಾಮಗಾರಿ ಇಲ್ಲದಿದ್ದರೆ ನಿಲ್ದಾಣ ಎಷ್ಟು ಸುಂದರವಾಗಿದ್ದರೂ ಫಲವಿರುತ್ತಿರಲಿಲ್ಲ.

ಹಳೆಯ ನಿಲ್ದಾಣದಲ್ಲಿ ರೈಲುಗಳು ಮುಂದೆ ಸಾಗುವ ಪ್ಲಾಟ್‌ಫಾರ್ಮ್‌ಗಳು ಆರು, ಕೊನೆಗೊಳ್ಳುವವು ಒಂಬತ್ತು. ಹೊಸ ನಕ್ಷೆ ಈ ಲೆಕ್ಕವನ್ನು ತಿರುಗಿಸಿತು: ಸಾಗುವವು ಒಂಬತ್ತು, ಕೊನೆಗೊಳ್ಳುವವು ಆರು. ಗ್ರಿಮ್‌ಷಾ ಸಂಸ್ಥೆಯ ವಾಸ್ತುಶಿಲ್ಪಿಗಳ ವಿನ್ಯಾಸವನ್ನು ಕಾಸ್ಟೇನ್ ಕಂಪನಿ, ರೈಲು ಹಳಿಗಳನ್ನು ನೋಡಿಕೊಳ್ಳುವ ನೆಟ್‌ವರ್ಕ್ ರೈಲ್‌ಗಾಗಿ ಕಟ್ಟಿತು. ಕೆಲಸ ದಕ್ಷಿಣದ ಅಂಚಿನಿಂದ ಆರಂಭವಾಗಿ ಉತ್ತರಕ್ಕೆ ಸರಿಯುತ್ತ ಹೋಯಿತು. ಒಂದು ಸಲಕ್ಕೆ ಕೆಲವೇ ಪ್ಲಾಟ್‌ಫಾರ್ಮ್‌ಗಳನ್ನು ಬಳಕೆಯಿಂದ ತೆಗೆಯುವುದು, ಹಳಿ ಕಿತ್ತು ಕೆಳಗಿನ ಕಮಾನುಗಳನ್ನು ಒಡೆಯುವುದು, ಆ ಜಾಗದಲ್ಲಿ ಕಂಬ ಎಬ್ಬಿಸಿ ಸೇತುವೆಯ ತಳ ಹಾಸುವುದು, ಅದರ ಮೇಲೆ ಹಳಿ, ಪ್ಲಾಟ್‌ಫಾರ್ಮ್, ಚಾವಣಿ ಕೂರಿಸಿ ರೈಲು ಬಿಡುವುದು, ಆಮೇಲೆ ಪಕ್ಕದ ಪಟ್ಟಿಗೆ ಕೈಹಾಕುವುದು. ಚಾವಣಿಯ ಭಾಗಗಳು ಬೇರೆಡೆ ಸಿದ್ಧವಾಗಿ ಬಂದವು, ಸ್ಥಳದಲ್ಲಿ ಜೋಡಿಸುವ ಕೆಲಸವಷ್ಟೇ ಉಳಿಯಿತು. ಹೀಗೆ ಮೇಲೆ ಒಂದೊಂದು ಪಟ್ಟಿ ಮುಗಿದಂತೆ, ಕೆಳಗೆ ಹೊಸ ಕಾನ್‌ಕೋರ್ಸ್ ಕೂಡ ಹೋಳು ಹೋಳಾಗಿ ಅಗಲವಾಗುತ್ತ ಬಂತು. ಈ ಅನುಕ್ರಮವೇ ಇಡೀ ಯೋಜನೆಯ ಅತ್ಯಂತ ಜಾಣತನದ ಭಾಗ ಎನ್ನಬೇಕು.

ಅದರ ಬೆಲೆಯನ್ನು ತೆತ್ತವರು ದಿನನಿತ್ಯ ಕೆಲಸಕ್ಕೆ ಹೋಗಿಬರುವ ಜನ. ಪ್ಲಾಟ್‌ಫಾರ್ಮ್‌ಗಳು ಕಡಿಮೆಯಾದಾಗ ಕೆಲವು ರೈಲುಗಳ ನಿಲುಗಡೆಯನ್ನೇ ಕೈಬಿಡಬೇಕಾಯಿತು. ಥೇಮ್ಸ್‌ಲಿಂಕ್ ರೈಲುಗಳು 2014ರ ಡಿಸೆಂಬರ್‌ನಿಂದ ಮೂರು ವರ್ಷ ಲಂಡನ್ ಬ್ರಿಡ್ಜ್‌ಗೆ ಬರಲಿಲ್ಲ. ಚೇರಿಂಗ್ ಕ್ರಾಸ್ ರೈಲುಗಳು 2015ರ ಜನವರಿಯಿಂದ 2016ರ ಆಗಸ್ಟ್‌ವರೆಗೆ ನಿಲ್ಲದೆ ಹಾದುಹೋದವು. ಅವು ಮತ್ತೆ ನಿಲ್ಲತೊಡಗಿದಾಗ ಕ್ಯಾನನ್ ಸ್ಟ್ರೀಟ್ ರೈಲುಗಳ ಸರದಿ ಬಂತು. ರೈಲುಗಳು ಕೊನೆಗೊಳ್ಳುವ ದಕ್ಷಿಣದ ಟರ್ಮಿನಸ್ ಭಾಗದ ಪರಿಸ್ಥಿತಿ ಇನ್ನೂ ಕೆಟ್ಟದಾಗಿತ್ತು. 2015ರ ಜನವರಿಯಲ್ಲಿ ಜಾರಿಗೆ ಬಂದ ವೇಳಾಪಟ್ಟಿ, ಉಳಿದಿದ್ದ ಪ್ಲಾಟ್‌ಫಾರ್ಮ್‌ಗಳು ತಾಳಲಾರದಷ್ಟು ಬಿಗಿಯಾಗಿತ್ತು. ಒಂದು ರೈಲು ತಡವಾದರೆ ಹಿಂದಿನವೆಲ್ಲ ನಿಲ್ಲುತ್ತಿದ್ದವು. ಮಾರ್ಚ್‌ನ ಒಂದು ಸಂಜೆ ಕಾನ್‌ಕೋರ್ಸ್‌ನಲ್ಲಿ ಜನಜಂಗುಳಿ ಮಿತಿಮೀರಿ, ಕೆಲವರು ಟಿಕೆಟ್ ಗೇಟ್‌ಗಳನ್ನು ಹಾರಿ ಒಳಹೋದ ಚಿತ್ರಗಳು ದೇಶದ ಪತ್ರಿಕೆಗಳಲ್ಲಿ ಬಂದವು. ಕೊನೆಗೆ ರೈಲುಗಳ ಸಂಖ್ಯೆಯನ್ನು ತಗ್ಗಿಸಿ ವೇಳಾಪಟ್ಟಿಯನ್ನು ಸಡಿಲಿಸಬೇಕಾಯಿತು. ಕಟ್ಟಡದ ಎಂಜಿನಿಯರಿಂಗ್‌ಗೆ ಕೊಟ್ಟಷ್ಟು ಗಮನವನ್ನು ವೇಳಾಪಟ್ಟಿಗೂ ಮೊದಲೇ ಕೊಟ್ಟಿದ್ದರೆ ಆ ಚಳಿಗಾಲದ ಬವಣೆಯ ಬಹುಪಾಲನ್ನು ತಪ್ಪಿಸಬಹುದಿತ್ತು.

2016ರ ಆಗಸ್ಟ್ 29ರಂದು ಹೊಸ ಕಾನ್‌ಕೋರ್ಸ್‌ನ ಮೂರನೇ ಎರಡು ಭಾಗ ತೆರೆಯಿತು. 2018ರ ಜನವರಿ 2ರಂದು ಉಳಿದ ಭಾಗ ಮತ್ತು ಎಲ್ಲ 15 ಪ್ಲಾಟ್‌ಫಾರ್ಮ್‌ಗಳು ಬಳಕೆಗೆ ಬಂದವು. ಹಳಿಗಳ ಅಡಿಯಲ್ಲಿ ಹರಡಿಕೊಂಡಿರುವ ಈ ಕಾನ್‌ಕೋರ್ಸ್ ವೆಂಬ್ಲಿ ಕ್ರೀಡಾಂಗಣದ ಫುಟ್‌ಬಾಲ್ ಅಂಕಣಕ್ಕಿಂತ ದೊಡ್ಡದು. ಉತ್ತರದ ಟೂಲಿ ಸ್ಟ್ರೀಟ್‌ಗೂ ದಕ್ಷಿಣದ ಸೇಂಟ್ ಥಾಮಸ್ ಸ್ಟ್ರೀಟ್‌ಗೂ ಅದರ ಬಾಗಿಲುಗಳಿವೆ. ಗಾಲಿಕುರ್ಚಿಯಲ್ಲಿ ಬರುವವರೂ ಲಿಫ್ಟ್ ಹತ್ತಿ ಯಾವ ಪ್ಲಾಟ್‌ಫಾರ್ಮ್‌ಗಾದರೂ ಹೋಗಬಹುದು. ಒಂದೂವರೆ ಶತಮಾನದ ಒಡಕು ಮುಚ್ಚಿದ್ದು ಇಲ್ಲಿ.

ಕಳೆದುಕೊಂಡದ್ದೂ ಇದೆ. 1860ರ ದಶಕದ, ಸಂರಕ್ಷಿತ ಪಟ್ಟಿಯಲ್ಲಿದ್ದ ಟರ್ಮಿನಸ್‌ನ ಕಮಾನು ಚಾವಣಿಯನ್ನು ಬಿಚ್ಚಲಾಯಿತು. ಅದರ ಭಾಗಗಳು ವೇಲ್ಸ್‌ನ ವೇಲ್ ಆಫ್ ರೈಡಾಲ್ ಎಂಬ ಪುಟ್ಟ ರೈಲ್ವೆಗೆ ಹೋದವು. ಟೂಲಿ ಸ್ಟ್ರೀಟ್‌ನಲ್ಲಿದ್ದ ವಿಕ್ಟೋರಿಯಾ ಕಾಲದ ರೈಲ್ವೆ ಕಚೇರಿಯ ಕಟ್ಟಡವನ್ನು ಉಳಿಸಲು ನಡೆದ ಹೋರಾಟ ಫಲಿಸಲಿಲ್ಲ. ನಿಲ್ದಾಣದ ಅಡಿಯಲ್ಲಿ ಹಾದುಹೋಗುತ್ತಿದ್ದ ಸ್ಟೇನರ್ ಸ್ಟ್ರೀಟ್ ಈಗ ವಾಹನವಿಲ್ಲದ ಕಾಲುದಾರಿ. 1941ರ ಫೆಬ್ರವರಿಯಲ್ಲಿ ಅಲ್ಲಿನ ಕಮಾನುಗಳ ಕೆಳಗೆ ಆಶ್ರಯ ಪಡೆದಿದ್ದವರ ಮೇಲೆ ಬಾಂಬು ಬಿದ್ದು 68 ಮಂದಿ ಸತ್ತಿದ್ದರು. ಅಲ್ಲಿನ ಫಲಕ ಅವರನ್ನು ನೆನೆಯುತ್ತದೆ.

2018ರ ಮೇ ತಿಂಗಳಲ್ಲಿ ರಾಜಕುಮಾರ ವಿಲಿಯಂ ನಿಲ್ದಾಣವನ್ನು ವಿಧ್ಯುಕ್ತವಾಗಿ ಉದ್ಘಾಟಿಸಿದರು. ಅದಾಗಿ ಕೆಲವೇ ದಿನಕ್ಕೆ ಜಾರಿಯಾದ ಥೇಮ್ಸ್‌ಲಿಂಕ್‌ನ ಹೊಸ ವೇಳಾಪಟ್ಟಿ ಕುಸಿದುಬಿತ್ತು. ಚಾಲಕರ ತರಬೇತಿ ಮುಗಿದಿರಲಿಲ್ಲ, ನೂರಾರು ರೈಲುಗಳು ರದ್ದಾದವು. ಮರುವರ್ಷ ಬ್ರಿಟನ್ನಿನ ವಾಸ್ತುಶಿಲ್ಪ ಕ್ಷೇತ್ರದ ದೊಡ್ಡ ಗೌರವವಾದ ಸ್ಟರ್ಲಿಂಗ್ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿ ಲಂಡನ್ ಬ್ರಿಡ್ಜ್ ಹೆಸರಿತ್ತು. ಕಟ್ಟಡದ ಮಟ್ಟಿಗೆ ಆ ಮನ್ನಣೆ ನ್ಯಾಯವಾದದ್ದೇ. ಆದರೆ ಇಷ್ಟಕ್ಕೆಲ್ಲ ಮೂಲವಾಗಿದ್ದ ಗಂಟೆಗೆ 24 ರೈಲುಗಳ ಗುರಿಯನ್ನು ಥೇಮ್ಸ್‌ಲಿಂಕ್‌ನ ನಿತ್ಯದ ವೇಳಾಪಟ್ಟಿ ಮುಟ್ಟಲಿಲ್ಲ.