ಕೈಪಿಡಿ ಇಲ್ಲದ ಮೆಮೊರಿ ಬೋರ್ಡನ್ನು ಹೊಂದಿಸುವುದು ಹೇಗೆ?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಿಂದ ಬೆಂಗಳೂರಿಗೆ ಓದಲು ಹೋಗುವ ನಿಮ್ಮಲ್ಲಿ ಎಲೆಕ್ಟ್ರಾನಿಕ್ಸ್ ಆಸಕ್ತಿಯುಳ್ಳವರು ಎಸ್.ಪಿ. ರಸ್ತೆಯನ್ನು ಬಲ್ಲಿರಿ. ಅಲ್ಲಿನ ಹಳೆಯ ಸಾಮಾನಿನ ಅಂಗಡಿಯಲ್ಲಿಯೋ ನಿಮ್ಮ ಕಾಲೇಜಿನ ಉಗ್ರಾಣದಲ್ಲಿಯೋ 1980ರ ದಶಕದ ಒಂದು ಮೆಮೊರಿ ಬೋರ್ಡ್ ನಿಮಗೆ ಸಿಕ್ಕಿತೆನ್ನಿ. ಅದರ ಮೇಲೆ ಪುಟ್ಟ ಸ್ವಿಚ್ಚುಗಳ ಸಾಲಿದೆ, ಕೈಪಿಡಿ ಮಾತ್ರ ಇಲ್ಲ. ಬೋರ್ಡನ್ನು ಗುಜರಿಗೆ ಹಾಕಬೇಕೆ? ಬೇಕಿಲ್ಲ. ಅಗತ್ಯವಾದ ಮಾಹಿತಿ ಬಹುಮಟ್ಟಿಗೆ ಬೋರ್ಡಿನಲ್ಲಿಯೇ ಇರುತ್ತದೆ.

ಮೊದಲು ಸ್ವಿಚ್ಚುಗಳ ಕೆಲಸವೇನೆಂದು ತಿಳಿಯೋಣ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ನೆನಪಿಸಿಕೊಳ್ಳಿ. ರೈತರು ತಂದ ಗೂಡಿಗೆ ಲಾಟ್ ಸಂಖ್ಯೆ ಬೀಳುತ್ತದೆ. ಹರಾಜು ಆ ಸಂಖ್ಯೆಯ ಮೇಲೆ ನಡೆಯುತ್ತದೆ. ಎರಡು ಲಾಟುಗಳಿಗೆ ಒಂದೇ ಸಂಖ್ಯೆ ಬಿದ್ದರೆ ಯಾರ ಗೂಡಿಗೆ ಯಾವ ಬೆಲೆಯೆಂಬುದೇ ತಿಳಿಯದು. ಮೆಮೊರಿಗೂ ಹೀಗೆಯೇ ವಿಳಾಸವಿದೆ. ಎರಡು ಬೋರ್ಡುಗಳು ಒಂದೇ ವಿಳಾಸಕ್ಕೆ ಉತ್ತರ ಕೊಟ್ಟರೆ ಮಾಹಿತಿ ಕೆಡುತ್ತದೆ, ಚಿಪ್ಪುಗಳಿಗೂ ಹಾನಿಯಾಗಬಹುದು. ಆದ್ದರಿಂದ ಊಹೆಗಿಂತ ಲೆಕ್ಕ ಮೇಲು.

ಐ.ಬಿ.ಎಂ. ಕಂಪೆನಿಯ 1981ರ ಪಿ.ಸಿ. ಮತ್ತು 1983ರ ಎಕ್ಸ್.ಟಿ. ಯಂತ್ರಗಳಲ್ಲಿದ್ದುದು 8088 ಪ್ರೊಸೆಸರ್. ಅದಕ್ಕೆ 20 ವಿಳಾಸದ ತಂತಿಗಳು, ಎಂದರೆ 10,48,576 ವಿಳಾಸಗಳು. ಇದನ್ನು 64 ಕಿಲೋಬೈಟಿನ 16 ಭಾಗಗಳಾಗಿ ನೋಡಿ, ಸೊನ್ನೆಯಿಂದ ಎಣಿಸಿ. ಮೊದಲ 10 ಭಾಗಗಳು, ಅಂದರೆ 640 ಕಿಲೋಬೈಟ್, ಸಾಮಾನ್ಯ ಮೆಮೊರಿಗೆ ಮೀಸಲು. ಯಾವ ಭಾಗವೆಂದು ಹೇಳುವುದು ಮೇಲಿನ ನಾಲ್ಕು ತಂತಿಗಳು: ಎ19, ಎ18, ಎ17, ಎ16.

ಈಗ ಬೋರ್ಡಿನ ಚಿಪ್ಪುಗಳನ್ನು ಎಣಿಸಿ. 4164 ಎಂದು ಬರೆದಿದ್ದರೆ ಒಂದು ಚಿಪ್ಪಿನಲ್ಲಿ 64 ಕಿಲೋಬಿಟ್. ಎಂಟು ಚಿಪ್ಪುಗಳು ಮಾಹಿತಿಗೆ, ಒಂಬತ್ತನೆಯದು ತಪ್ಪು ಪತ್ತೆಗೆ; ಒಂಬತ್ತರ ಒಂದು ಸಾಲಿಗೆ 64 ಕಿಲೋಬೈಟ್. ನಾಲ್ಕು ಸಾಲಿದ್ದರೆ 256. ನಿಮ್ಮ ಎಕ್ಸ್.ಟಿ.ಯ ಮದರ್‌ಬೋರ್ಡಿನಲ್ಲಿ ಆಗಲೇ 256 ಕಿಲೋಬೈಟ್ ಇದ್ದರೆ 0ಯಿಂದ 3ರವರೆಗಿನ ಭಾಗಗಳು ತುಂಬಿವೆ. ಹೊಸ ಬೋರ್ಡ್ 4ರಿಂದ ಆರಂಭವಾಗಬೇಕು. ದ್ವಿಮಾನದಲ್ಲಿ 4 ಎಂದರೆ 0100: ಎ18 ಮಾತ್ರ ಒಂದು, ಉಳಿದವು ಸೊನ್ನೆ.

ಯಾವ ಸ್ವಿಚ್ ಯಾವ ತಂತಿಯದು? ಬೋರ್ಡನ್ನು ಯಂತ್ರದಿಂದ ಹೊರತೆಗೆದು ಮಲ್ಟಿಮೀಟರ್ ಹಿಡಿಯಿರಿ. ಚಿಪ್ಪುಗಳಿರುವ ಮುಖದ ಹೊಂಬಣ್ಣದ ಪಟ್ಟಿಗಳನ್ನು ಲೋಹದ ಬ್ರಾಕೆಟ್ ಇರುವ ಕಡೆಯಿಂದ ಎಣಿಸಿದರೆ 12, 13, 14, 15ನೆಯವೇ ಎ19ರಿಂದ ಎ16. ಅಲ್ಲಿಂದ ಜಾಡು ಹಿಡಿದು ಹೋಗಿ. ಹಲವು ಬೋರ್ಡುಗಳಲ್ಲಿ ಜಾಡು 74688ರಂತಹ ತಾಳೆ ನೋಡುವ ಚಿಪ್ಪಿಗೆ ಹೋಗುತ್ತದೆ. ಅದರ ಒಂದು ಕಾಲಿಗೆ ವಿಳಾಸದ ತಂತಿ, ಜೊತೆಯ ಕಾಲಿಗೆ ಸ್ವಿಚ್. ಸ್ವಿಚ್ಚಿನ ಇನ್ನೊಂದು ತುದಿ ಗ್ರೌಂಡಿಗೆ ಸೇರಿದ್ದರೆ 'ಆನ್' ಎಂದರೆ ಸೊನ್ನೆ, 'ಆಫ್' ಎಂದರೆ ಒಂದು. ಆಗ ಎ18ರ ಸ್ವಿಚ್ ಆಫ್, ಉಳಿದ ಮೂರು ಆನ್.

ಕೆಲವು ಬೋರ್ಡುಗಳಲ್ಲಿ ತಾಳೆಯ ಕೆಲಸವನ್ನು ಪ್ರೋಗ್ರಾಂ ತುಂಬಿದ ಚಿಪ್ ಮಾಡುತ್ತದೆ. ಮೀಟರಿಗೆ ಅದರ ಒಳಗುಟ್ಟು ಸಿಗದು. ಆಗ ಪ್ರಯೋಗವೇ ದಾರಿ. ಆದರೂ ನಾಲ್ಕು ಸ್ವಿಚ್ಚುಗಳಿಗೆ ಇರುವುದು 16 ಜೋಡಣೆ ಮಾತ್ರ. ಪ್ರತಿ ಬಾರಿಯೂ ಪ್ಲಗ್ ತೆಗೆದು, ಲೋಹದ ಚೌಕಟ್ಟನ್ನು ಮುಟ್ಟಿ, ಆಮೇಲೆ ಸ್ವಿಚ್ ಬದಲಿಸಿ. ಪರದೆಯ ಮೇಲೆ 201 ಬಂದರೆ ಮೆಮೊರಿಯ ದೋಷವೆಂದು ತಿಳಿಯಿರಿ. ಎಕ್ಸ್.ಟಿ. ಒಟ್ಟು ಮೆಮೊರಿಯನ್ನು ತಾನೇ ಎಣಿಸಿಕೊಳ್ಳುತ್ತದೆ, 1981ರ ಪಿ.ಸಿ.ಗಾದರೋ ಮದರ್‌ಬೋರ್ಡಿನ ಎರಡನೆಯ ಸ್ವಿಚ್ ಗುಂಪಿನಲ್ಲಿ ನಾವೇ ತಿಳಿಸಬೇಕು.

ಕೊನೆಯದಾಗಿ ಒಂದು ಮಾತು. ಸ್ವಿಚ್ಚುಗಳನ್ನು ಮುಟ್ಟುವ ಮೊದಲೇ ಅವು ಇದ್ದ ಸ್ಥಿತಿಯನ್ನು ಬರೆದುಕೊಳ್ಳಿ. ಹಿಂದೆ ಯಾರೋ ಸರಿಯಾಗಿಯೇ ಹೊಂದಿಸಿದ್ದಿರಬಹುದು. ಕೆಲಸ ಮುಗಿದ ಮೇಲೆ ನೀವು ಕಂಡುಕೊಂಡದ್ದನ್ನು ಚೀಟಿಯಲ್ಲಿ ಬರೆದು ಯಂತ್ರದ ಮುಚ್ಚಳದ ಒಳಗೆ ಅಂಟಿಸಿ. ನಿಮ್ಮ ನಂತರ ಅದನ್ನು ತೆರೆಯುವ ವಿದ್ಯಾರ್ಥಿಗೆ ಅದೇ ಕೈಪಿಡಿ.